ಅರೆಪಾವು: ಒಬ್ಬ ಪ್ರಶಿಕ್ಷಣಾರ್ಥಿಯ ಪ್ರಕರಣ

ಮೂರನೇ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ ಹುಡುಗನನ್ನು ಆಕೆ, ನನ್ನ ಬಿ.ಇಡಿ. ಪ್ರಶಿಕ್ಷಣಾರ್ಥಿ, ಒಂದು ಸಲವೂ ಪ್ರಶ್ನೆ ಕೇಳಲಿಲ್ಲ. ಏಳನೇ ತರಗತಿ, ನಲವತ್ತು ನಿಮಿಷದ ಪಾಠ, ವಿಷಯ ಭಿನ್ನರಾಶಿ. ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. 2024ರ ಆಗಸ್ಟ್. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಮೀರಿ ಆಕೆ ದನಿ ಎತ್ತಬೇಕಾಗಿತ್ತು. ಪಾಠ ಚೆನ್ನಾಗಿತ್ತು. ಕಾಗದದ ಪಟ್ಟಿಗಳನ್ನು ಮಕ್ಕಳ ಕೈಯಲ್ಲೇ ಮಡಿಸಿಸಿ ಅರ್ಧ, ಕಾಲು, ಎಂಟನೇ ಒಂದು ಎಲ್ಲವನ್ನೂ ತೋರಿಸಿದಳು. ಹಲಗೆಯ ಬರಹ ನೇರವಾಗಿತ್ತು. ಇಪ್ಪತ್ತೆಂಟು ಮಕ್ಕಳಲ್ಲಿ ಇಪ್ಪತ್ತು ಮಂದಿಗಾದರೂ ಪ್ರಶ್ನೆ ಹೋಯಿತು. ಆ ಹುಡುಗನ ಬೆಂಚಿನವರೆಗೆ ಬಂದ ಆಕೆಯ ಕಣ್ಣು ಪ್ರತಿಸಲವೂ ಅವನನ್ನು ದಾಟಿ ಪಕ್ಕದವನ ಮೇಲೆ ನಿಲ್ಲುತ್ತಿತ್ತು.

ಒಂದು ದಿನದ ಮಾತಾಗಿದ್ದರೆ ನಾನು ಗಮನಿಸುತ್ತಿರಲಿಲ್ಲ. ಅದು ನಾನು ನೋಡಿದ ಮೂರನೇ ಪಾಠ, ಮೂರರಲ್ಲೂ ಹೀಗೇ ಆಗಿತ್ತು. ಸಹಪಾಠಿ ಪ್ರಶಿಕ್ಷಣಾರ್ಥಿಗಳು ಆಕೆಯ ಪಾಠಗಳಿಗೆ ಬರೆದಿದ್ದ ವೀಕ್ಷಣಾ ಹಾಳೆಗಳನ್ನು ತರಿಸಿಕೊಂಡು ನೋಡಿದೆ. ಹನ್ನೊಂದು ಪಾಠ ಕಳೆದಿದ್ದರೂ ಆ ಹುಡುಗನಿಗೆ ಒಂದು ಪ್ರಶ್ನೆಯೂ ಹೋಗಿರಲಿಲ್ಲ.

ಶಿವಮೊಗ್ಗದ ಒಂದು ಬಿ.ಇಡಿ. ಕಾಲೇಜಿನಲ್ಲಿ ನಾನು ಗಣಿತ ಬೋಧನಾ ವಿಧಾನ ಹೇಳಿಕೊಡುತ್ತೇನೆ. 2015ರಿಂದ ಈ ಕೋರ್ಸು ಎರಡು ವರ್ಷದ್ದಾಗಿದೆ, ಎರಡನೇ ವರ್ಷದಲ್ಲಿ ಹದಿನಾರು ವಾರದ ಶಾಲಾ ಇಂಟರ್ನ್‌ಶಿಪ್ ಇರುತ್ತದೆ. ಈ ಪ್ರಕರಣ ಆ ಹದಿನಾರು ವಾರಗಳದ್ದು, ಮತ್ತು ಅದಕ್ಕೂ ಹದಿಮೂರು ವರ್ಷ ಹಿಂದಿನ ಒಂದು ಮಧ್ಯಾಹ್ನದ್ದು. ಆಕೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದಳು, ಹಾಗಾಗಿ ಕೊನೆಯವರೆಗೂ ಆಕೆ ಎಂದೇ ಬರೆಯುತ್ತೇನೆ. ಹುಡುಗನ ಹೆಸರೂ ಶಾಲೆಗಳ ಹೆಸರೂ ಬೇಡ.

ನೀರಿನ ಆಚೆ ದಡ

ಆಕೆ ಸಾಗರ ತಾಲ್ಲೂಕಿನ ಕರೂರು ಹೋಬಳಿಯವಳು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ 1964ರಲ್ಲಿ ಮುಗಿಸಿದಾಗ ಅಜ್ಜನ ಮನೆ, ಗದ್ದೆ, ಊರು ಎಲ್ಲವೂ ನೀರಿನಡಿಗೆ ಹೋದವು. ಕೆಲವರು ದೂರದ ತಾಲ್ಲೂಕುಗಳಿಗೆ ಹೋದರು. ಇವರ ಕುಟುಂಬ ಹಿನ್ನೀರಿನ ಅಂಚಿನಲ್ಲೇ ಗುಡ್ಡ ಹತ್ತಿ ಮನೆ ಕಟ್ಟಿಕೊಂಡಿತು. ಆಗೆಲ್ಲ ಸಾಗರ ಪೇಟೆಗೆ ಬರಬೇಕಾದರೆ ಲಾಂಚಿನಲ್ಲಿ ಹಿನ್ನೀರು ದಾಟಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿತೆಂದರೆ ದೂರದ ಸುತ್ತುದಾರಿಯೇ ಗತಿಯಾಗಿತ್ತು. ಪಿಯುಸಿ ಮತ್ತು ಬಿ.ಎಸ್ಸಿ.ಗೆ ಸಾಗರದ ಹಾಸ್ಟೆಲಿನಲ್ಲಿದ್ದಳು.

ಅಜ್ಜನಿಗೆ ಓದು ಬರಹ ಬರುತ್ತಿರಲಿಲ್ಲ, ಅಳತೆ ಮಾತ್ರ ಚೆನ್ನಾಗಿ ಬರುತ್ತಿತ್ತು. ಗೇಣಿದಾರರ ಮನೆಯಲ್ಲಿ ಅಳತೆ ಬರದೆ ಬದುಕುವ ಹಾಗಿರಲಿಲ್ಲ. ಗೇಣಿದಾರರು ಧಣಿಗಳ ವಿರುದ್ಧ ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಬೇಡಿಕೆಗಳಲ್ಲಿ, ಗೇಣಿಯ ಭತ್ತ ಅಳೆಯುವ ಕೊಳಗದ ಅಳತೆಯೂ ಒಂದು ಎಂಬುದು ಮಲೆನಾಡಿನಲ್ಲಿ ಬಹಳ ಜನಕ್ಕೆ ಗೊತ್ತು. ಕೊಳಗಕ್ಕೆ ಮೂರು ಸೇರು ಎಂದು ಗೇಣಿದಾರರು ಪಟ್ಟು ಹಿಡಿದರು, ಧಣಿಗಳ ಕೊಳಗದಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯುತ್ತಿತ್ತು. ಅಜ್ಜ ಆಗ ಎಂಟೊಂಬತ್ತು ವರ್ಷದ ಹುಡುಗ. ಕಾಗೋಡಿನಲ್ಲಿ ನೆಂಟರಿದ್ದರಂತೆ. ಗದ್ದೆಗೆ ಇಳಿದವರನ್ನು ಪೊಲೀಸರು ಹಿಡಿದುಕೊಂಡು ಹೋದ ಕತೆ ಮನೆಯಲ್ಲಿ ಅನ್ನ ಬಡಿಸುವಾಗಲೂ ಬರುತ್ತಿತ್ತು. ಆ ಮನೆಯಲ್ಲಿ ಹಿತ್ತಾಳೆಯ ಸೇರು, ಅಚ್ಚೇರು, ಪಾವುಗಳನ್ನು ಬೆಳಗಿ ಇಡುತ್ತಿದ್ದರು. ಅಳೆಯುವಾಗ ಮೇಲಕ್ಕೆ ಕೂಡಿಸದೆ ಸಮ ಗೀರಬೇಕೆಂದು ಅಜ್ಜ ಮೊಮ್ಮಗಳಿಗೆ ಕಲಿಸಿದ್ದ. ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. ಪಾವಿನ ಅರ್ಧ ಅರೆಪಾವು. ಐದನೇ ತರಗತಿಗೆ ಬರುವ ಮೊದಲೇ ಇವೆಲ್ಲ ಆಕೆಗೆ ಬಾಯಿಪಾಠ, ಕೈಪಾಠ ಎರಡೂ ಆಗಿದ್ದವು.

2020ರ ಮಾರ್ಚಿನಲ್ಲಿ ಶಾಲೆ ಕಾಲೇಜು ಮುಚ್ಚಿದಾಗ ಊರಿಗೆ ಮರಳಿದಳು. ಮೊಬೈಲಿಗೆ ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕಾದ ಊರು, ಅಲ್ಲಿ ಆನ್‌ಲೈನ್ ಪಾಠದ ಮಾತೇ ಇಲ್ಲ. ಅಕ್ಕಪಕ್ಕದ ಏಳೆಂಟು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಮಗ್ಗಿ, ಕೂಡುವ ಕಳೆಯುವ ಲೆಕ್ಕ ಹೇಳಿಕೊಟ್ಟಳು. ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ಸರ್ಕಾರದ ವಿದ್ಯಾಗಮ ಕಾರ್ಯಕ್ರಮ ಶುರುವಾಗಿ ಅವರು ಊರಿಗೆ ಬಂದಾಗ, ಈ ಮಕ್ಕಳು ಲೆಕ್ಕ ಮರೆತಿಲ್ಲವಲ್ಲ ಎಂದರಂತೆ. ಆ ಒಂದು ಮಾತು ತನ್ನನ್ನು ಬಿ.ಇಡಿ.ಗೆ ತಂದಿತು ಎಂದು ಆಕೆ ಪ್ರವೇಶದ ದಿನ ಹೇಳಿದ್ದಳು. ಅದು ನಿಜವೇ, ಆದರೆ ಪೂರ್ತಿ ಅಲ್ಲ.

ಎರಡು ಸಾಲಿನ ಪ್ರಬಂಧ

ಮೊದಲ ವಾರ ಎಲ್ಲ ಪ್ರಶಿಕ್ಷಣಾರ್ಥಿಗಳಿಂದಲೂ 'ನಾನೇಕೆ ಶಿಕ್ಷಕನಾಗಬೇಕು' ಎಂದು ಬರೆಸುವುದು ನಮ್ಮಲ್ಲಿ ರೂಢಿ. ಸಾಮಾನ್ಯವಾಗಿ ಎರಡು ಪುಟ ಬರೆಯುತ್ತಾರೆ. ದೇಶ ಕಟ್ಟುವ ಮಾತು, ಗುರುವಿನ ಮಹಿಮೆ, ಒಂದು ವಚನ. ಅವುಗಳ ನಡುವೆ ಅಡಗಿ ಕೂತ ಒಂದೋ ಎರಡೋ ಸಾಲು ಮಾತ್ರ ಬರೆದವರದ್ದೇ ಆಗಿರುತ್ತದೆ. ಆಕೆಯ ಪ್ರಬಂಧದಲ್ಲಿದ್ದ ಆ ಎರಡು ಸಾಲುಗಳು ಇವು: "ಐದನೇ ತರಗತಿಯಲ್ಲಿ ತಪ್ಪು ಉತ್ತರ ಹೇಳಿ ಅವಮಾನವಾಯಿತು. ನನ್ನ ತರಗತಿಯಲ್ಲಿ ಯಾವ ಮಗುವಿಗೂ ಹಾಗೆ ಆಗಬಾರದು."

ನಾನು ಅದರ ಪಕ್ಕ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದೆ. 'ಒಳ್ಳೆಯ ಮೌಲ್ಯ' ಎಂದೂ ಬರೆದಿದ್ದೆ. ಏನು ಪ್ರಶ್ನೆ, ಏನು ಉತ್ತರ, ಯಾರು ನಕ್ಕರು ಎಂದು ಕೇಳಲಿಲ್ಲ. ಹತ್ತು ತಿಂಗಳು ಕೇಳಲಿಲ್ಲ. ಈ ಪ್ರಕರಣದಲ್ಲಿ ನನ್ನಿಂದ ಆದ ತಪ್ಪು ಇದು. ಹದಿನೆಂಟು ವರ್ಷ ಈ ಕೆಲಸ ಮಾಡಿದ ಮೇಲೂ ಆದದ್ದು ಎಂಬುದಕ್ಕೆ ಈಗಲೂ ಬೇಸರವಿದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಅಲ್ಲಿನ ಹುಡುಗನೊಬ್ಬ ಹೈಸ್ಕೂಲು ಮುಗಿಸುವಷ್ಟರಲ್ಲಿ ಸುಮಾರು 13,000 ಗಂಟೆ ಶಿಕ್ಷಕರ ಎದುರು ಕೂತಿರುತ್ತಾನೆ. ಹಾಗಾಗಿ ಶಿಕ್ಷಕನಾಗಲು ಬರುವವನು ಬರಿಗೈಯಲ್ಲಿ ಬರುವುದಿಲ್ಲ, ನೋಡಿ ನೋಡಿಯೇ ಆ ವೃತ್ತಿಯನ್ನು ಅರ್ಧ ಕಲಿತಿರುತ್ತಾನೆ. ಆದರೆ ನೋಡಿದ್ದು ಬೆಂಚಿನ ಕಡೆಯಿಂದ. ಮೇಷ್ಟ್ರು ಏನು ಮಾಡಿದರು ಎಂಬುದು ಕಂಡಿರುತ್ತದೆ, ಯಾಕೆ ಮಾಡಿದರು ಎಂಬುದು ಕಂಡಿರುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ಈ ವಿಷಯವನ್ನು ಪರೀಕ್ಷೆಗೆ ಹೇಳಿಕೊಡುತ್ತೇವೆ. ಪ್ರಶಿಕ್ಷಣಾರ್ಥಿಯ ಎದುರು ಕೂತು, ನೀನು ಬೆಂಚಿನಿಂದ ನೋಡಿದ್ದು ಏನು ಎಂದು ಕೇಳುವುದು ಕಡಿಮೆ.

ಜಗಲಿಯ ಮಾತು

ಆ ದಿನ ಪಾಠ ಮುಗಿದ ಮೇಲೆ ಶಾಲೆಯ ಜಗಲಿಯಲ್ಲಿ ಕೂತೆವು. ಒಳಗೆ ಬಿಸಿಯೂಟದ ತಟ್ಟೆಗಳ ಸದ್ದು. ಹುಡುಗನ ವಿಷಯ ಎತ್ತಿದೆ. ಆಕೆ ತಕ್ಷಣ ಹೇಳಿದಳು:

"ಬೇಕಂತಲೇ ಕೇಳ್ಲಿಲ್ಲ ಮೇಡಂ. ಅವನು ತಾಂಡಾದ ಹುಡುಗ. ಮನೇಲಿ ಲಂಬಾಣಿ ಮಾತು. ತರಗತೀಲಿ ಬಾಯೇ ಬಿಡಲ್ಲ. ಕೇಳಿದರೆ ತಪ್ಪು ಹೇಳ್ತಾನೆ, ಎಲ್ಲರೂ ನಗ್ತಾರೆ. ಅದಕ್ಕೆ ಅವನನ್ನ ಕಾಪಾಡ್ತಾ ಇದೀನಿ."

ಕಾಪಾಡ್ತಾ ಇದೀನಿ ಎಂಬ ಮಾತನ್ನು ಎಷ್ಟು ಪ್ರೀತಿಯಿಂದ ಹೇಳಿದಳೆಂದರೆ ನನಗೆ ಏನು ಹೇಳಬೇಕೆಂದು ಗೊತ್ತಾಗಲಿಲ್ಲ. ಆಕೆಯ ಮಾರ್ಗದರ್ಶಿ ಶಿಕ್ಷಕರೂ, ಅವನು ಮಾತಾಡಲ್ಲ ಬಿಡಿ ಎಂದಿದ್ದರು. ಆ ಶಿಕ್ಷಕರು ಕೈಬಿಟ್ಟದ್ದೂ ಈಕೆ ಕಾಪಾಡಿದ್ದೂ ಗೋಡೆಗೆ ಒರಗಿದ ಹುಡುಗನಿಗೆ ಹೇಗೆ ಬೇರೆಬೇರೆಯಾಗಿ ಕಾಣಬೇಕು? ಎರಡರಲ್ಲೂ ಅವನ ಪಾಲಿಗೆ ಬಂದದ್ದು ಒಂದೇ, ಅವನನ್ನು ಯಾರೂ ಏನೂ ಕೇಳಲಿಲ್ಲ.

ಆಗ ಆ ಎರಡು ಸಾಲು ನೆನಪಿಗೆ ಬಂತು. ಕೇಳಿದೆ: "ಐದನೇ ಕ್ಲಾಸಲ್ಲಿ ನೀನು ಹೇಳಿದ ತಪ್ಪು ಉತ್ತರ ಯಾವುದು?"

ಹೇಳಲು ಆಕೆಗೆ ತುಂಬ ಹೊತ್ತು ಹಿಡಿಯಿತು. 2011ರ ಮಳೆಗಾಲ. ಸಂಕ (ಹಳ್ಳದ ಕಾಲುಸೇತುವೆ) ದಾಟಿ, ನೆನೆದ ಲಂಗದಲ್ಲಿ ಶಾಲೆಗೆ ಹೋದ ದಿನ. ಮೇಷ್ಟ್ರು ಹಲಗೆಯ ಮೇಲೆ ನಾಲ್ಕನೇ ಒಂದು, ಎಂಟನೇ ಒಂದು ಎಂದು ಬರೆದು, ಯಾವುದು ದೊಡ್ಡದು ಎಂದು ಕೇಳಿದರು. ಮೂರು ಮಕ್ಕಳು ಎಂಟನೇ ಒಂದು ಎಂದರು. ಎಂಟು ನಾಲ್ಕಕ್ಕಿಂತ ದೊಡ್ಡದಲ್ಲವೇ. ಈಕೆ ಎದ್ದು ನಿಂತು, "ಪಾವು ದೊಡ್ಡದು ಸಾರ್, ಅರೆಪಾವು ಸಣ್ಣದು" ಎಂದಳು. ಮೇಷ್ಟ್ರು ಒಂದು ಗಳಿಗೆ ನೋಡಿ, "ಇಲ್ಲಿ ಅಕ್ಕಿ ಅಳೀತಾ ಇದೀವಾ?" ಎಂದರು. ತರಗತಿ ನಕ್ಕಿತು. ಗಂಟೆ ಹೊಡೆಯುವವರೆಗೆ ನಿಲ್ಲಿಸಿದರು. ಅಂದಿನಿಂದ ಏಳನೇ ತರಗತಿ ಮುಗಿಯುವವರೆಗೆ ಆಕೆಯ ಅಡ್ಡಹೆಸರು ಅರೆಪಾವು. ಗಿಡ್ಡಗೂ ಇದ್ದಳು, ಹೆಸರು ಅಂಟಿಕೊಂಡಿತು.

ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ಅದರ 17ನೇ ಕಲಂ ನಿಷೇಧಿಸುತ್ತದೆ. ಆ ಮಧ್ಯಾಹ್ನಕ್ಕೆ ಕಾಯ್ದೆಗೆ ಒಂದು ವರ್ಷ ತುಂಬಿತ್ತು. ಆ ಶಾಲೆಯಲ್ಲಿ ಬೆತ್ತ ಆಗಲೇ ಇರಲಿಲ್ಲ ಎಂದು ಆಕೆಯೇ ಹೇಳಿದಳು.

ಆಕೆ ಹೇಳಿ ಮುಗಿಸಿದಾಗ ನಾನು ವೀಕ್ಷಣಾ ಪುಸ್ತಕದ ಹಿಂದಿನ ಪುಟದಲ್ಲಿ ಬರೆದೆ. ಸೇರು ಒಂದು. ಪಾವು ಸೇರಿನ ನಾಲ್ಕನೇ ಒಂದು. ಅರೆಪಾವು ಎಂಟನೇ ಒಂದು. ಪುಸ್ತಕವನ್ನು ಆಕೆಯ ಕಡೆ ತಿರುಗಿಸಿದೆ.

"ನಿನ್ನ ಉತ್ತರ ಸರಿಯಾಗಿತ್ತಲ್ಲ?"

ಆಕೆ ನೋಡಿದಳು. ಬಿ.ಎಸ್ಸಿ.ಯಲ್ಲಿ ಗಣಿತ ಓದಿದವಳು, ಬೆಳಗ್ಗೆಯಷ್ಟೇ ಅದೇ ಎರಡು ಭಿನ್ನರಾಶಿಯನ್ನು ಕಾಗದ ಮಡಿಸಿ ಕಲಿಸಿ ಬಂದವಳು. ಆಮೇಲೆ ಹೇಳಿದ ಮಾತನ್ನು ನಾನು ಅಂದೇ ಬರೆದಿಟ್ಟುಕೊಂಡೆ: "ಇಲ್ಲ ಮೇಡಂ, ತಪ್ಪೇ ಇರಬೇಕು. ಎಲ್ಲರೂ ನಕ್ಕರಲ್ಲ."

ಹದಿಮೂರು ವರ್ಷ ಆಕೆ ಆ ಉತ್ತರವನ್ನು ತಿರುಗಿ ನೋಡಿಯೇ ಇರಲಿಲ್ಲ. ನಗು ಕೇಳಿಸಿತು, ಆದ್ದರಿಂದ ತಪ್ಪು. ಅಲ್ಲಿಗೆ ಬಾಗಿಲು ಮುಚ್ಚಿತ್ತು. ಆ ನೆನಪಿನಿಂದ ಆಕೆ ತೆಗೆದುಕೊಂಡ ಪಾಠ, ತಪ್ಪು ಹೇಳುವ ಮಗುವನ್ನು ಅವಮಾನದಿಂದ ಉಳಿಸಬೇಕು ಎಂಬುದು. ಅದಕ್ಕೆ ಆಕೆಗೆ ಗೊತ್ತಿದ್ದ ದಾರಿ ಮಗುವಿಗೆ ಉತ್ತರ ಹೇಳುವ ಸಂದರ್ಭವನ್ನೇ ತರದಿರುವುದು. ಆದರೆ ಐದನೇ ತರಗತಿಯಲ್ಲಿ ನಡೆದದ್ದು ಬೇರೆ. ಅಲ್ಲೊಂದು ಮಗು ಸರಿ ಹೇಳಿತ್ತು, ಮನೆಯ ಮಾತಿನಲ್ಲಿ ಹೇಳಿತ್ತು, ಕೇಳಿಸಿಕೊಳ್ಳಬೇಕಾದವರಿಗೆ ಅದು ಕೇಳಿಸಲಿಲ್ಲ. ಒಂದೇ ಅನುಭವವನ್ನು ಹೀಗೆ ಓದಿದರೆ ಒಂದು ಬಗೆಯ ಶಿಕ್ಷಕಿ ಆಗುತ್ತಾಳೆ, ಹಾಗೆ ಓದಿದರೆ ಇನ್ನೊಂದು ಬಗೆಯ ಶಿಕ್ಷಕಿ. ವೈಯಕ್ತಿಕ ಅನುಭವ ಶಿಕ್ಷಕರ ಮೌಲ್ಯಗಳನ್ನು ರೂಪಿಸುತ್ತದೆ ಎಂದು ಬರೆದು ಬಿಡುವುದು ಸುಲಭ. ಆ ಅನುಭವದಲ್ಲಿ ನಿಜವಾಗಿ ನಡೆದದ್ದೇನು ಎಂದು ಬಿಡಿಸಿ ನೋಡದಿದ್ದರೆ ಅದು ಯಾವ ಕಡೆಗೆ ರೂಪಿಸುತ್ತದೋ ಹೇಳಲಾಗದು.

ಸಿಟ್ಟಿನ ವಾರ

ನನಗೆ ಆಗ ಖುಷಿಯಾಗಿತ್ತು, ಒಂದು ಗಂಟು ಬಿಚ್ಚಿತು ಎಂದುಕೊಂಡೆ. ಆಕೆಗೆ ಬಂದದ್ದು ಸಿಟ್ಟು. ಮೂರು ದಿನದ ನಂತರದ ಪ್ರತಿಫಲನ ದಿನಚರಿಯಲ್ಲಿ ಪಾಠದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಆ ಮೇಷ್ಟ್ರ ಮನೆ ಹುಡುಕಿಕೊಂಡು ಹೋಗಿ ಕೇಳಬೇಕು, ನನ್ನ ಮೂರು ವರ್ಷ ವಾಪಸ್ ಕೊಡಿ ಎನ್ನಬೇಕು ಎಂದು ಬರೆದಿದ್ದಳು. ಏಳನೇ ತರಗತಿಯ ಹೊತ್ತಿಗೆ ತರಗತಿಯಲ್ಲಿ ಕೈ ಎತ್ತುವುದನ್ನೇ ನಿಲ್ಲಿಸಿದ್ದಳಂತೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಗಣೇಶ ಚೌತಿಗೆ ಊರಿಗೆ ಹೋದಾಗ ಅಮ್ಮನಿಗೆ ಹೇಳಿದಳು. ಅಮ್ಮ ಮೊದಲು ಅತ್ತರಂತೆ, ಮನೆಯಲ್ಲಿ ಒಂದು ಮಾತೂ ಹೇಳಲಿಲ್ಲವಲ್ಲ ಮಗಳೇ ಎಂದು. ಆಮೇಲೆ ಆ ಮೇಷ್ಟ್ರ ಬಗ್ಗೆ ಹೇಳಿದರು. ಒಂದರಿಂದ ಐದರವರೆಗೆ ಅವರೊಬ್ಬರೇ ನೋಡಿಕೊಳ್ಳುತ್ತಿದ್ದರು, ಇನ್ನೊಬ್ಬರನ್ನು ನಿಯೋಜನೆ ಮೇಲೆ ಬೇರೆ ಶಾಲೆಗೆ ಕಳಿಸಿದ್ದರು. ಮಳೆಗಾಲದಲ್ಲಿ ದಿನವೂ ಲಾಂಚಿಗೆ ಕಾದು, ನೆನೆದು ಬರುತ್ತಿದ್ದರು. ಒಂದು ವರ್ಷ ಮಂಗನ ಕಾಯಿಲೆ ಭಯಕ್ಕೆ ಪೇಟೆಯವರು ಈ ಕಡೆ ಬರಲು ಹಿಂಜರಿದಾಗಲೂ ಶಾಲೆ ಬಾಗಿಲು ತೆಗೆದಿದ್ದರು.

ಇದನ್ನು ಕೇಳಿ ಸಿಟ್ಟು ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. "ಅವರು ಒಳ್ಳೇವರು ಅಂತ ಗೊತ್ತಾದ ಮೇಲೆ ಇನ್ನೂ ಕಷ್ಟ ಆಯ್ತು ಮೇಡಂ" ಎಂದಳು. ಕೆಟ್ಟವರಾಗಿದ್ದರೆ, ನಾನು ಹಾಗೆ ಆಗುವುದಿಲ್ಲ ಎಂದು ನಿಶ್ಚಿಂತೆಯಿಂದ ಇರಬಹುದಿತ್ತು. ಐದು ತರಗತಿಯನ್ನು ಒಂದೇ ಕೋಣೆಯಲ್ಲಿ ಹಿಡಿದಿಟ್ಟುಕೊಂಡು ದಣಿದ ಮನುಷ್ಯನೊಬ್ಬ ಒಂದು ಗಳಿಗೆ ಕೇಳಿಸಿಕೊಳ್ಳಲಿಲ್ಲ. ತಾನೂ ಹನ್ನೊಂದು ಪಾಠ ಕೇಳಿಸಿಕೊಳ್ಳಲಿಲ್ಲ, ಅದೂ ದಣಿವಿಲ್ಲದೆ. ಈ ಹೋಲಿಕೆ ಆಕೆಯೇ ಮಾಡಿಕೊಂಡದ್ದು, ನಾನು ಬಾಯಿ ಬಿಟ್ಟಿರಲಿಲ್ಲ.

ನಡುವೆ ನಾನು ಇನ್ನೊಂದು ತಪ್ಪು ಮಾಡುವುದರಲ್ಲಿದ್ದೆ. ಕಾಲೇಜಿನ ಸೆಮಿನಾರಿನಲ್ಲಿ ಈ ಕತೆ ಹೇಳು ಎಂದೆ. ಆಕೆ ಖಡಾಖಂಡಿತ ಬೇಡ ಎಂದಳು. ಎಲ್ಲರ ಎದುರು ಮತ್ತೆ ಅರೆಪಾವು ಆಗಿ ನಿಲ್ಲಬೇಕಾ ಎಂದು ಕೇಳಿದಳು. ಅಲ್ಲಿಗೆ ಬಿಟ್ಟೆ.

ಖಾಲಿ ನೋಡಬೇಕು

ಮತ್ತೆ ತರಗತಿಗೆ ಹೋದ ಮೇಲೆ ಆಕೆ ಹುಡುಗನಿಗೆ ಪ್ರಶ್ನೆ ಕೇಳಿದಳು. ಕೇಳಿ ಕಾದಳು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದನ್ನು ನಾವು ಪ್ರಶ್ನಿಸುವ ಕೌಶಲದ ಪಾಠದಲ್ಲಿ ಹೇಳುತ್ತೇವೆ. ಆಕೆ ಹತ್ತು ಸೆಕೆಂಡು ಕಾದಳು. ಹುಡುಗ ತಲೆ ತಗ್ಗಿಸಿದ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಪಾಠ ಮುಗಿಸಿ ಬಂದು, ನೋಡಿದ್ರಾ ಮೇಡಂ, ನಾನು ಹೇಳಿದ್ದೇ ಆಯ್ತು ಎಂದಳು. ಮೂರು ತಿಂಗಳು ಯಾರೂ ಕೇಳದ ಹುಡುಗನಿಗೆ ಒಂದು ದಿನ ಇದ್ದಕ್ಕಿದ್ದಂತೆ ಇಡೀ ತರಗತಿಯ ಎದುರು ಹತ್ತು ಸೆಕೆಂಡಿನ ಮೌನ ಕೊಟ್ಟರೆ ಅದೂ ಶಿಕ್ಷೆಯೇ. ಇದು ಇಬ್ಬರಿಗೂ ಆಮೇಲೆ ಹೊಳೆಯಿತು.

ಮುಂದಿನ ಎರಡು ವಾರ ಆಕೆ ತರಗತಿಯಲ್ಲಿ ಅವನನ್ನು ಕೇಳಲಿಲ್ಲ. ಊಟದ ಹೊತ್ತಿನಲ್ಲಿ ಅವನ ಹತ್ತಿರ ಕೂರುತ್ತಿದ್ದಳು. ಹಾಗೆ ಗೊತ್ತಾಯಿತು, ಅವನ ಯಾಡಿ (ಲಂಬಾಣಿ ಮಾತಿನಲ್ಲಿ ಅಮ್ಮ) ಅಡಿಕೆ ಸುಲಿಯಲು ಹೋಗುತ್ತಾಳೆ. ಕೊಯ್ಲು ಶುರುವಾಗಿತ್ತು. ಸಂಜೆ ಇವನೂ ಜೊತೆಗೆ ಹೋಗಿ ಕೂರುತ್ತಾನೆ, ರಾತ್ರಿ ತಡವಾಗಿ ಮಲಗುತ್ತಾನೆ, ತರಗತಿಯಲ್ಲಿ ಗೋಡೆಗೆ ಒರಗುವುದು ಅದಕ್ಕೆ. ಏಳನೇ ತರಗತಿಯ ಹುಡುಗ ರಾತ್ರಿ ಸುಲಿಯುವ ಕತ್ತಿಯ ಮುಂದೆ ಕೂರುವುದು ಸರಿಯಲ್ಲ. ಆಕೆ ಮುಖ್ಯ ಶಿಕ್ಷಕರಿಗೆ ಹೇಳಿದಳು, ಅವರು ತಾಂಡಾಕ್ಕೆ ಹೋಗಿ ಮಾತಾಡಿ ಬಂದರು. ಪೂರ್ತಿ ನಿಂತಿತೆಂದು ಹೇಳಲಾರೆ, ಕಡಿಮೆಯಾಯಿತು.

ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆದು ಕೂಲಿ ಕೊಡುತ್ತಾರೆ. ಡಬ್ಬ ತುಂಬದಿದ್ದ ದಿನ ಎಷ್ಟು ಬರೆದುಕೊಳ್ಳಬೇಕು ಎಂಬ ಲೆಕ್ಕದಲ್ಲಿ ಯಾಡಿಗೆ ಇವನೇ ನೆರವು. ಇದನ್ನು ಕೇಳಿದಾಗ ಆಕೆಗೆ ಅಜ್ಜನ ಕೊಳಗ ನೆನಪಾಗದೆ ಇರುತ್ತದೆಯೇ.

ಅಕ್ಟೋಬರಿನಲ್ಲಿ ನಾನು ನೋಡಿದ ಪಾಠವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಲಗೆಯ ಮೇಲೆ ನಾಲ್ಕನೇ ಮೂರು, ಎಂಟನೇ ಐದು. ಯಾವುದು ದೊಡ್ಡದು? ಮೊದಲು ಪಕ್ಕದವರ ಜೊತೆ ಮಾತಾಡಿಕೊಳ್ಳಿ ಎಂದಳು. ತರಗತಿ ಗುಜುಗುಜು ಎಂದಿತು. ಆಕೆ ನಡೆಯುತ್ತ ಹೋಗಿ ಅವನ ಬೆಂಚಿನ ಬಳಿ ನಿಂತು ಕೇಳಿಸಿಕೊಂಡಳು. ಆಮೇಲೆ ಅವನ ಬೆಂಚಿನವರು ಏನಂದುಕೊಂಡಿರಿ ಎಂದು ಕೇಳಿದಳು. ಪಕ್ಕದ ಹುಡುಗ ಎದ್ದು, "ಇವನು ಹೇಳಿದ್ದು ಮಿಸ್" ಎಂದು ಇವನನ್ನು ತೋರಿಸಿದ. ಇವನು ಕೂತಲ್ಲಿಂದಲೇ, ಗೋಡೆಗೆ ಹೇಳುವಂತೆ ಹೇಳಿದ:

"ಖಾಲಿ ನೋಡಬೇಕು ಮಿಸ್."

ತರಗತಿ ನಕ್ಕಿತು. ನನಗೂ ಅರ್ಥವಾಗಲಿಲ್ಲ, ನಿಜ ಹೇಳುತ್ತೇನೆ. ಆಕೆ ಕೈ ಎತ್ತಿದಳು, ನಗು ನಿಂತಿತು. ಆಕೆ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. "ಖಾಲಿ ಅಂದ್ರೆ ಯಾವುದು? ಬಂದು ತೋರಿಸ್ತೀಯಾ?" ಎಂದಳು.

ಹುಡುಗ ಬರಲಿಲ್ಲ. ಆಕೆ ಸುಣ್ಣದ ಬಳಪವನ್ನು ಅವನ ಬೆಂಚಿಗೇ ತೆಗೆದುಕೊಂಡು ಹೋದಳು. ಅವನು ಬೆಂಚಿನ ಮೇಲೆ ಎರಡು ಡಬ್ಬ ಬರೆದ. ಒಂದಕ್ಕೆ ನಾಲ್ಕು ಗೆರೆ, ಮೂರರ ತನಕ ತುಂಬಿದ. ಇನ್ನೊಂದಕ್ಕೆ ಎಂಟು ಗೆರೆ, ಐದರ ತನಕ. ಮೇಲೆ ಉಳಿದ ಖಾಲಿ ಜಾಗಕ್ಕೆ ಬೆರಳಿಟ್ಟು ಹೇಳಿದ: ಇದರಲ್ಲಿ ಕಾಲು ಖಾಲಿ, ಅಂದರೆ ಎಂಟರಲ್ಲಿ ಎರಡು. ಅದರಲ್ಲಿ ಎಂಟರಲ್ಲಿ ಮೂರು ಖಾಲಿ. ಜಾಸ್ತಿ ಖಾಲಿ ಇದ್ದರೆ ಒಳಗೆ ಕಮ್ಮಿ.

ನನ್ನ ಹದಿನೆಂಟು ವರ್ಷದಲ್ಲಿ ಈ ದಾರಿಯನ್ನು ನಾನು ಯಾರಿಗೂ ಕಲಿಸಿರಲಿಲ್ಲ. ಛೇದ ಸಮ ಮಾಡಿ, ಅಂಶ ಹೋಲಿಸಿ ಎಂದು ಕಲಿಸಿದ್ದೆ. ಅವನು ಪೂರ್ಣಕ್ಕೆ ಎಷ್ಟು ಕಮ್ಮಿ ಎಂದು ನೋಡುತ್ತಿದ್ದ. ಡಬ್ಬ ಅಳೆಯುವವರು ನೋಡುವುದು ಹಾಗೇ, ತುಂಬಿದ್ದಕ್ಕಿಂತ ಮೊದಲು ತುಂಬದ್ದು ಕಣ್ಣಿಗೆ ಬೀಳುತ್ತದೆ.

ಆಕೆ ಹಲಗೆಗೆ ಹೋಗಿ 'ಖಾಲಿ ನೋಡುವ ವಿಧಾನ' ಎಂದು ಬರೆದು ಕೆಳಗೆ ಗೆರೆ ಎಳೆದಳು. ನಿಮ್ಮ ಮನೆಯಲ್ಲಿ ಕಾಲಿಗೆ ಏನಂತೀರಿ, ಅರ್ಧಕ್ಕೆ ಏನಂತೀರಿ ಎಂದು ಕೇಳಿ, ಅವನು ಹೇಳಿದ ಪದಗಳನ್ನು ಕನ್ನಡ ಅಕ್ಷರದಲ್ಲಿ ಪಕ್ಕಕ್ಕೆ ಬರೆದಳು. ಆಮೇಲೆ ತನ್ನದನ್ನೂ ಬರೆದಳು: ಪಾವು, ಅರೆಪಾವು. ಆ ಪದವನ್ನು ಹಲಗೆಯ ಮೇಲೆ ಬರೆಯುವಾಗ ಕೈ ಸ್ವಲ್ಪ ನಿಧಾನವಾಯಿತು. ಯಾಕೆಂದು ಆ ಕೋಣೆಯಲ್ಲಿ ನನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು.

ಆ ಹುಡುಗ ಅಲ್ಲಿಂದ ಮಾತುಗಾರನಾಗಲಿಲ್ಲ. ಇಂಟರ್ನ್‌ಶಿಪ್ ಮುಗಿಯುವಷ್ಟರಲ್ಲಿ ಇನ್ನು ಐದಾರು ಸಲ ಬಾಯಿ ಬಿಟ್ಟಿರಬಹುದು. ಪರೀಕ್ಷೆಯಲ್ಲಿ ಬಂದದ್ದೂ ಸಾಧಾರಣ ಅಂಕವೇ. ಅವನ ಬದುಕು ಬದಲಾಯಿತು ಎಂದು ಬರೆಯಲು ನನ್ನ ಬಳಿ ಏನೂ ಇಲ್ಲ. ಬದಲಾದದ್ದು ಆಕೆಯ ಪಾಠ ಯೋಜನೆಗಳು. ಐದು ಹಂತದ ಆ ನಮೂನೆಯಲ್ಲಿ 'ನಿರೀಕ್ಷಿತ ಉತ್ತರ' ಎಂಬ ಕಾಲಂ ಇರುತ್ತದೆ. ಅದರ ಪಕ್ಕ ಆಕೆ ಪೆನ್ಸಿಲಿನಲ್ಲಿ ಇನ್ನೊಂದು ಕಾಲಂ ಎಳೆದಳು: 'ಮಕ್ಕಳು ಹೇಳಬಹುದಾದ ಬೇರೆ ಮಾತು'.

ಯಾವ ತರಗತಿಗೆ

ಬಿ.ಇಡಿ. ಸೇರುವಾಗ ಆಕೆಯ ಗುರಿ ಹೈಸ್ಕೂಲು, ಸಾಧ್ಯವಾದರೆ ಶಿವಮೊಗ್ಗ ಪೇಟೆ. ಅಪ್ಪನಿಗೂ ಅದೇ ಆಸೆ. ಈ ಪ್ರಕರಣದ ನಂತರ ಆಕೆ ಆರರಿಂದ ಎಂಟನೇ ತರಗತಿಯ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಓದುತ್ತೇನೆ ಎಂದಳು. ಕಾರಣ ಕೇಳಿದೆ. ಹೈಸ್ಕೂಲಿಗೆ ಬರುವಷ್ಟರಲ್ಲಿ ಮಕ್ಕಳು ಕೈ ಎತ್ತುವುದು ನಿಲ್ಲಿಸಿರುತ್ತಾರೆ ಮೇಡಂ, ನಾನೂ ಏಳರಲ್ಲೇ ನಿಲ್ಲಿಸಿದ್ದು ಎಂದಳು. ಭಿನ್ನರಾಶಿಯಲ್ಲಿ ಜಾರಿದ ಮಗುವಿಗೆ ಬೀಜಗಣಿತ ಕೈಗೆ ಹತ್ತುವುದಿಲ್ಲ ಎಂಬುದು ನನ್ನದೂ ಅನುಭವ, ಹಾಗಾಗಿ ನಾನು ವಾದಿಸಲಿಲ್ಲ. ಮನೆಯಲ್ಲಿ ವಾದ ಆಯಿತು. ಹೈಸ್ಕೂಲು ಮೇಷ್ಟ್ರು ಎಂದರೆ ಊರಿನಲ್ಲಿ ಮರ್ಯಾದೆ ಜಾಸ್ತಿ ಎಂದು ಅಪ್ಪ. ಅಮ್ಮ ಮಗಳ ಕಡೆ.

ಆ ಹುದ್ದೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಎರಡನೇ ಪತ್ರಿಕೆ ಪಾಸಾಗಬೇಕು. 150 ಪ್ರಶ್ನೆ, 150 ಅಂಕ. ಆಕೆಯ ಪ್ರವರ್ಗಕ್ಕೆ ಶೇ. 60, ಅಂದರೆ 90 ಬರಬೇಕು. ಮೊದಲ ಸಲ 84 ಬಂತು. ಗಣಿತದಲ್ಲಿ ಕಳೆದುಕೊಂಡದ್ದು ಕಡಿಮೆ, ಇಂಗ್ಲಿಷಿನಲ್ಲಿ ಜಾಸ್ತಿ. ಮತ್ತೆ ಬರೆಯುವ ತಯಾರಿಯಲ್ಲಿದ್ದಾಳೆ. ಆಸೆಪಟ್ಟ ಗುರಿ ಕೈಗೆ ಸಿಗುವವರೆಗೆ ಅತಿಥಿ ಶಿಕ್ಷಕಿಯಾಗಿ, ಸಾಗರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ, ವರ್ಷ ವರ್ಷಕ್ಕೆ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಅನಿಶ್ಚಿತತೆಯಲ್ಲಿ ದುಡಿಯುತ್ತಿದ್ದಾಳೆ. ಒಳ್ಳೆಯ ಶಿಕ್ಷಕಿಯನ್ನು ನಮ್ಮ ವ್ಯವಸ್ಥೆ ಹೀಗೆ ಕಾಯಿಸುವುದು ನನಗೆ ನೋವಿನ ವಿಷಯ.

ನನ್ನ ಕಡೆಯಿಂದ ಒಂದು ಬದಲಾವಣೆ ಆಗಿದೆ. ಮೊದಲ ವಾರದ ಪ್ರಬಂಧಕ್ಕೆ ಈಗ ಸರಿ ಗುರುತು ಹಾಕುವುದಿಲ್ಲ. ಅದರಲ್ಲಿ ಬರೆದವರದ್ದೇ ಆದ ಸಾಲು ಎಲ್ಲಿದೆ ಎಂದು ಹುಡುಕಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತೇನೆ. ಅಂದು ಯಾರು ಏನು ಹೇಳಿದರು, ನೀವು ಏನು ಹೇಳಿದಿರಿ, ಅದೇ ಕೋಣೆಯಲ್ಲಿ ಇನ್ನೂ ಯಾರಿದ್ದರು ಎಂದು. ಐವತ್ತು ಜನರಿಗೆ ಇದನ್ನು ಮಾಡಲು ಎರಡು ತಿಂಗಳು ಹಿಡಿಯಿತು. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸುವುದಿಲ್ಲ.

2025ರ ಜುಲೈನಲ್ಲಿ ಹಿನ್ನೀರಿನ ಎರಡು ದಡದ ಅಂಬಾರಗೋಡ್ಲು, ಕಳಸವಳ್ಳಿ ನಡುವೆ ಸೇತುವೆ ತೆರೆಯಿತು. ಆ ವಾರ ಆಕೆ ಫೋನ್ ಮಾಡಿ, ಮೊದಲ ಸಲ ಬಸ್ಸಿನಲ್ಲಿ ಕೂತು ಹಿನ್ನೀರು ದಾಟಿದೆ ಮೇಡಂ, ಕೆಳಗೆ ಎಲ್ಲೋ ಅಜ್ಜನ ಗದ್ದೆ ಇದೆ ಎಂದಳು. ಮನೆಯಿಂದ ಹಿತ್ತಾಳೆಯ ಸೇರು, ಅಚ್ಚೇರು, ಪಾವು ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಶಾಲೆಗೆ ಒಯ್ಯುತ್ತಿದ್ದಾಳಂತೆ. ಅರೆಪಾವು ಮಾತ್ರ ಮನೆಯಲ್ಲಿ ಸಿಗಲಿಲ್ಲ, ಊರು ಬಿಡುವಾಗ ಎಲ್ಲೋ ಹೋಗಿರಬೇಕು ಎಂದಳು. ನಾನು ಗಾಂಧಿ ಬಜಾರಿನ ಪಾತ್ರೆ ಅಂಗಡಿಗಳಲ್ಲಿ ಎರಡು ಸಂಜೆ ಹುಡುಕಿದೆ. ಹಳೆಯ ಸಾಮಾನಿನ ರಾಶಿಯಲ್ಲಿ ಒಂದು ಸಿಕ್ಕಿತು, ಅಂಚು ಸ್ವಲ್ಪ ತಗ್ಗಿತ್ತು. ಬಸ್ಸಿನಲ್ಲಿ ಕಳಿಸುತ್ತೇನೆ ಎಂದು ಫೋನ್ ಮಾಡಿದೆ.

"ಬೇಡ ಮೇಡಂ, ನೀವೇ ಇಟ್ಕೊಳ್ಳಿ" ಎಂದಳು. "ಇಲ್ಲಿ ಮಕ್ಕಳು ತೆಂಗಿನ ಕರಟ ಉಜ್ಜಿ ಉಜ್ಜಿ ಒಂದು ಮಾಡಿದಾರೆ. ಎರಡು ಸಲ ಸುರಿದರೆ ಪಾವು ತುಂಬಬೇಕು ಅಂತ ನಿನ್ನೆಯಿಂದ ಉಜ್ತಾನೇ ಇದಾರೆ. ಇವತ್ತು ಬೆಳಿಗ್ಗೆ ನೋಡಿದ್ವಿ, ಇನ್ನೂ ನಾಲ್ಕು ಕಾಳು ಜಾಸ್ತಿ ಹಿಡೀತಿದೆ."